ಹೆದ್ದಾರಿಯ ಗಾಡಿ ಬೆಟ್ಟ ಹತ್ತಿದ್ದು

"ಗುರುಗಳೇ, ನಾನು ಹಿಡಿದ ಕೆಲಸ ನನ್ನ ಯೋಗ್ಯತೆಗಿಂತ ಎತ್ತರದ್ದಾಯಿತೇ? ಗುರಿಯನ್ನು ಇಳಿಸಿಕೊಳ್ಳಲೇ?"

ಕೇಳಿದವನು ನಿರ್ವಾಣಪ್ಪ. ಮಠದಲ್ಲಿ ಓದಿದವನು, ಈಗ ಕಲ್ಲು ಒಡೆಯುವವರ ಕೇರಿಯಲ್ಲಿ ಸಂಜೆಶಾಲೆ ನಡೆಸುತ್ತಿದ್ದ. ಅಲ್ಲಿನ ದೊಡ್ಡವರೆಲ್ಲ ಹೆಬ್ಬೆಟ್ಟು ಬಿಟ್ಟು ಓದುಬರಹ ಕಲಿಯಬೇಕು ಎಂಬುದು ಅವನ ಹಟ. ಮೊದಮೊದಲು ಜನ ಕಿಕ್ಕಿರಿದು ಬಂದರು. ಆಮೇಲೆ ಒಬ್ಬೊಬ್ಬರಾಗಿ ಜಾರಿಕೊಂಡರು. ಅವನು ಹೊಸ ಪುಸ್ತಕ ತಂದ, ಪಾಠವನ್ನು ಇನ್ನಷ್ಟು ತಿದ್ದಿದ, ಮನೆಮನೆಗೆ ಹೇಳಿ ಕಳಿಸಿದ. ಯಾವುದಕ್ಕೂ ಅವರು ಜಗ್ಗಲಿಲ್ಲ. ಶಾಲೆ ಮುಚ್ಚುವ ಹಂತಕ್ಕೆ ಬಂದಿತ್ತು, ಅವನಿಗೆ ಅದು ಸಂಕಟವಾಗಿತ್ತು.

ಗುರುಗಳು ಕೇಳಿದ್ದಕ್ಕೆ ನೇರ ಉತ್ತರ ಕೊಟ್ಟ ದಾಖಲೆಯಿಲ್ಲ. ಅಂದೂ ಕೊಡಲಿಲ್ಲ, ಕತೆ ತೆಗೆದರು.

ಒಬ್ಬ ಪಶುವೈದ್ಯನಿದ್ದ. ಅವನಲ್ಲಿ ದೂರದ ಪ್ರಯಾಣಕ್ಕೆಂದೇ ಮಾಡಿದ ಒಂದು ಹಳೆಯ ಮೋಟಾರ್ ಸೈಕಲ್ ಇತ್ತು. ಎದುರಿಗೆ ಗಾಳಿ ತಡೆಯುವ ಗಾಜು, ಎರಡೂ ಪಕ್ಕಕ್ಕೆ ಪೆಟ್ಟಿಗೆ, ಮೆತ್ತೆಯ ಮೇಲೆ ಮೆತ್ತೆ ಹಾಕಿದ ಸೀಟು. ಹೆದ್ದಾರಿಯ ಬದಿಯ ಊರುಗಳಲ್ಲಿ ಅವನು ಅದರ ಮೇಲೆ ಕೂತು ಬಂದರೆ ಕಟ್ಟೆಯ ಮೇಲಿದ್ದವರು ಎದ್ದು ನಿಲ್ಲುತ್ತಿದ್ದರು. ಅವನಿಗೂ ಅದು ಹಿತವಾಗಿತ್ತು, ಯಾರಿಗೆ ಆಗುವುದಿಲ್ಲ?

ಅವನಿಗೆ ಒಂದು ಬೆಟ್ಟದ ಸೀಮೆಗೆ ವರ್ಗವಾಯಿತು. ಬೆಟ್ಟದ ಮೇಲೆ ಕುರಿಗಾಹಿಗಳ ಹಟ್ಟಿಯಿತ್ತು. ಮೊದಲ ಮಳೆಗೆ ಹುಲ್ಲು ಚಿಗುರಿತೆಂದರೆ ಅಲ್ಲಿನ ಕುರಿಗಳಿಗೆ ಕರುಳುಬೇನೆ. ಬೆಳಿಗ್ಗೆ ಮೇಯಲು ಹೋದ ಕುರಿ ಸಂಜೆಗೆ ಇರುತ್ತಿರಲಿಲ್ಲ. ಮಳೆಗೆ ಮುಂಚೆ ಚುಚ್ಚುಮದ್ದು ಹಾಕಿದರೆ ಉಳಿಯುತ್ತಿದ್ದವು. ಆದರೆ ಆ ಮದ್ದು ಮಂಜುಗಡ್ಡೆಯ ಡಬ್ಬಿಯಲ್ಲೇ ಇರಬೇಕು. ನಡೆದು ಹೋದರೆ ದಾರಿಯಲ್ಲೇ ಮಂಜು ಕರಗುತ್ತಿತ್ತು, ಜೀಪಿಗೆ ದಾರಿಯೇ ಇರಲಿಲ್ಲ. ಮುಂಚಿನ ವೈದ್ಯರು, ಕುರಿಗಳನ್ನು ನೀವೇ ಹೊಡೆದುಕೊಂಡು ಬನ್ನಿ ಎಂದು ಹೇಳಿ ಕೈತೊಳೆದುಕೊಂಡಿದ್ದರು. ಗಬ್ಬದ ಕುರಿಗಳನ್ನು ಆ ಕಲ್ಲಿನಲ್ಲಿ ಯಾರು ಇಳಿಸಿಯಾರು? ಈ ವೈದ್ಯ ಹಾಗೆನ್ನಲಿಲ್ಲ. ನಾನೇ ಮೇಲಕ್ಕೆ ಬರುತ್ತೇನೆ ಎಂದು ಮಾತು ಕೊಟ್ಟ. ಅದು ದೊಡ್ಡ ಗುಣ, ನಿರ್ವಾಣಪ್ಪ, ಮರೆಯಬೇಡ.

ಹೆದ್ದಾರಿಯ ಗಾಡಿ ಬೆಟ್ಟದ ಮೊದಲ ಬಂಡೆಗೇ ಹೊಟ್ಟೆ ತಾಗಿಸಿಕೊಂಡು ನಿಂತಿತು. ವೈದ್ಯ ಅದನ್ನು ಒಬ್ಬ ಮೆಕ್ಯಾನಿಕ್‌ನ ಬಳಿಗೆ ತಳ್ಳಿಕೊಂಡು ಹೋಗಿ, ಇದನ್ನು ಸ್ಕ್ರ್ಯಾಂಬ್ಲರ್ ಮಾಡಿಕೊಡು ಎಂದ. ಮೈಮೇಲಿನ ಹೇರನ್ನು ಕಳಚಿ, ಎತ್ತರಿಸಿ, ಕಲ್ಲುಮಣ್ಣಿನ ದಾರಿಗೆ ಅಣಿ ಮಾಡಿದ ಗಾಡಿಗೆ ಹಾಗೆನ್ನುತ್ತಾರೆ. ಗಾಜು ಹೋಯಿತು. ಪೆಟ್ಟಿಗೆಗಳು ಹೋದವು. ಕೆಳಗಿದ್ದ ಸೈಲೆನ್ಸರನ್ನು ಪಕ್ಕಕ್ಕೆ ಎತ್ತಿ ಕೂರಿಸಿದರು. ಅಗಲವಾದ ಹ್ಯಾಂಡಲ್, ದಪ್ಪ ಹಲ್ಲಿನ ಟೈರು ಬಂದವು. ಉದ್ದನೆಯ ಶಾಕ್ ಅಬ್ಸಾರ್ಬರ್ ಹಾಕಿ ಗಾಡಿಯ ಹೊಟ್ಟೆಯನ್ನು ನೆಲದಿಂದ ಮೇಲೆತ್ತಿದರು. ಕೊನೆಗೆ ಮೆಕ್ಯಾನಿಕ್ ಸೀಟಿಗೆ ಕೈ ಹಚ್ಚಿದ.

"ಇದನ್ನೂ ಕೊಯ್ದು ತೆಳ್ಳಗ ಮಾಡೂಣೇನ್ರಿ ಡಾಕ್ಟರ? ನೋಡಾಕ ಚಂದ ಕಾಣ್ತದ."

"ಅದನ್ನ ಮುಟ್ಟಬ್ಯಾಡೋ ಮಾರಾಯ. ಎಲ್ಲಾ ಕಿತ್ತು ಹಾಕೀವಿ, ನನಗಂತ ಅದೊಂದರ ಇರಲಿ."

ಮೆಕ್ಯಾನಿಕ್ ಒತ್ತಾಯ ಮಾಡಲಿಲ್ಲ. ಅವನು ಕೇಳಿದ್ದು ಅಂದಕ್ಕೆ. ಸೀಟಿನಿಂದ ತೊಂದರೆಯಾದೀತು ಎಂದು ಅವನಿಗೂ ಹೊಳೆದಿರಲಿಲ್ಲ.

ವೈದ್ಯ ಹೊರಟ. ಅರ್ಧ ಬೆಟ್ಟದಲ್ಲಿ ಬಿದ್ದ. ಕಲ್ಲು ತಾಗಿರಬೇಕು ಎಂದುಕೊಂಡು ಗಾಡಿಯನ್ನು ಇನ್ನಷ್ಟು ಎತ್ತರಿಸಿದ. ಈ ಸಲ ಇನ್ನೂ ಬೇಗ ಬಿದ್ದ. ಟೈರು ಜಾರಿರಬೇಕು ಎಂದುಕೊಂಡು ಟೈರು ಬದಲಿಸಿದ. ಮತ್ತೆ ಬಿದ್ದ. ಮಂಡಿ ಒಡೆಯಿತು, ಮೊಣಕೈ ತರಚಿತು. ಬುಡದ ಊರಿನವರು ಅವನು ಹೊರಟಾಗಲೆಲ್ಲ ಮುಸಿಮುಸಿ ನಕ್ಕರು. ಅವನು ಪಟ್ಟು ಬಿಡಲಿಲ್ಲ.

ಮೋಡ ಕಟ್ಟತೊಡಗಿತು. ಅಂದು ಮತ್ತೆ ಹೊರಟು ಬಿದ್ದಾಗ ಡಬ್ಬಿ ಒಡೆದು ಮದ್ದಿನ ಸೀಸೆಗಳೆಲ್ಲ ಬಂಡೆಯ ಮೇಲೆ ಚೂರಾದವು. ಹಟ್ಟಿಯ ಮುದುಕಿಯೊಬ್ಬಳು ಸೊಪ್ಪಿಗೆಂದು ಆ ಕಡೆ ಬಂದಿದ್ದಳು. ಅವನ ಕೈಹಿಡಿದು ಎಬ್ಬಿಸಿದಳು, ಚೂರುಗಳನ್ನು ನೋಡಿದಳು.

"ನೀ ಒಬ್ಬವನರ ಬರ್ತೀನಿ ಅಂದಿ, ಅಷ್ಟ ಸಾಕಪ್ಪ. ಇನ್ನ ಬರಾಕ ಹೋಗಬ್ಯಾಡ, ಕೈಕಾಲು ಮುರಕೊಂಡೀ."

ಬೈದಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಈ ಮಾತಿಗೆ ಅವನಿಗೆ ಅಳು ಬಂತು.

ಗಾಡಿಯನ್ನು ತಗ್ಗಿಸಿಬಿಡಲೇ ಎಂದು ಯೋಚಿಸಿದ. ತಗ್ಗಿಸಿದರೆ ಹೊಟ್ಟೆ ಬಂಡೆಗೆ ಸಿಕ್ಕಿಕೊಳ್ಳುತ್ತದೆ, ಹಟ್ಟಿಯ ಆಸೆ ಅಲ್ಲಿಗೇ ಮುಗಿಯುತ್ತದೆ. ಆಗ ಅವನು ಗಾಡಿಯನ್ನು ದಿಟ್ಟಿಸುವುದು ಬಿಟ್ಟು, ತಾನು ಹೇಗೆ ಬಿದ್ದೆ ಎಂದು ನೆನಪು ಮಾಡಿಕೊಂಡ. ಓಡುವಾಗ ಅವನು ಬಿದ್ದೇ ಇರಲಿಲ್ಲ. ಬಂಡೆಗಳ ಸಂದಿಯಲ್ಲಿ ಗಾಡಿ ನಿಧಾನವಾಗಿ ಒಂದು ಕಡೆ ವಾಲಿದಾಗ ಬಿದ್ದಿದ್ದ. ವಾಲಿದಾಗ ಸವಾರ ಕಾಲು ಕೊಟ್ಟು ತಡೆಯುತ್ತಾನೆ. ಅವನೂ ಕೊಟ್ಟಿದ್ದ. ಕಾಲಿಗೆ ನೆಲ ಸಿಕ್ಕಿರಲಿಲ್ಲ.

ಮುದುಕಿಯ ಕೈಯಲ್ಲಿದ್ದ ಕುಡುಗೋಲನ್ನು ಕೇಳಿ ಪಡೆದ. ಅಲ್ಲೇ ಕೂತು ಸೀಟಿನ ಹೊದಿಕೆ ಹರಿದ. ಮೆತ್ತೆಗಳನ್ನು ಒಂದೊಂದಾಗಿ ಕೊಯ್ದು ತೆಗೆದ. ತನಗೆಂದು ಉಳಿಸಿಕೊಂಡಿದ್ದ ಸುಖ ಅದೊಂದೇ, ಆದರೂ ನಿಲ್ಲಿಸಲಿಲ್ಲ. ತಗಡಿನ ಮೇಲೆ ಒಂದು ಪದರ ಮಾತ್ರ ಉಳಿಸಿ ಏರಿ ಕೂತ. ಎರಡೂ ಪಾದಗಳು ನೆಲಕ್ಕೆ ಊರಿದವು.

ಕೆಳಗಿಳಿದು ಹೊಸ ಮದ್ದು ತಂದ. ದಾರಿ ಮೊದಲಿನಷ್ಟೇ ಕೆಟ್ಟದ್ದಾಗಿತ್ತು, ಗಾಡಿ ಮೊದಲಿನಂತೆಯೇ ವಾಲಿತು. ವಾಲಿದಾಗಲೆಲ್ಲ ಕಾಲು ಕೊಟ್ಟ, ನೆಟ್ಟಗೆ ಮಾಡಿಕೊಂಡ, ಮುಂದೆ ಹೋದ. ಸೊಂಟ ನುಜ್ಜುಗುಜ್ಜಾಯಿತು. ಹಟ್ಟಿ ಮುಟ್ಟಿದಾಗ ಡಬ್ಬಿಯಲ್ಲಿ ಮಂಜುಗಡ್ಡೆ ಇನ್ನೂ ಇತ್ತು. ಆ ವರ್ಷ ಮಳೆ ಬಂತು, ಹುಲ್ಲು ಚಿಗುರಿತು, ಮೇಯಲು ಹೋದ ಕುರಿಗಳು ಸಂಜೆ ಹಟ್ಟಿಗೆ ಮರಳಿದವು.

ಗುರುಗಳು ಕತೆ ನಿಲ್ಲಿಸಿದರು. ನಿರ್ವಾಣಪ್ಪನ ಮುಖ ಅರಳಿತು. ಅವನಿಗೆ ಬೇಕಾದ ಉತ್ತರ ಸಿಕ್ಕಿಬಿಟ್ಟಿತ್ತು.

"ತಿಳಿಯಿತು ಗುರುಗಳೇ. ಗುರಿ ಇಳಿಸಬಾರದು, ಬಿದ್ದರೂ ಬಿಡಬಾರದು. ನಾಳೆಯಿಂದ ಇನ್ನೂ ಬಿಗಿಯಾಗಿ ಪಾಠ ಮಾಡುತ್ತೇನೆ" ಎಂದು ಎದ್ದು ನಿಂತ.

ಗುರುಗಳು ಕೇಳಿದರು: "ಕೇರಿಯವರು ನೆಲದ ಮೇಲೆ ಕೂತು ಅಕ್ಷರ ತಿದ್ದುವಾಗ, ನೀನು ಎಲ್ಲಿ ಕೂತಿರುತ್ತೀಯಪ್ಪ?"

"ಕುರ್ಚಿಯ ಮೇಲೆ" ಎಂದ ನಿರ್ವಾಣಪ್ಪ, ನಿಂತಲ್ಲೇ ನೆಲದ ಮೇಲೆ ಕೂತ.