ಮುತ್ತಿನ ವ್ಯಾಪಾರಿಯ ಕಣ್ಣುರೆಪ್ಪೆ

“ಗುರುಗಳೇ, ಸಿಟ್ಟು ಮತ್ತೆ ತಲೆಯೆತ್ತದ ಹಾಗೆ ಒಂದೇ ಸಲಕ್ಕೆ ಬೇರುಸಹಿತ ಕಿತ್ತುಕೊಡುವವರಿದ್ದರೆ ನನ್ನ ಉಳಿದ ಆಯುಷ್ಯವನ್ನೆಲ್ಲ ಬೆಲೆಯಾಗಿ ಕೊಟ್ಟೇನು. ದಿನಾ ಮನಸ್ಸನ್ನು ತೊಳೆದು ತೊಳೆದು ಸಾಕಾಗಿದೆ. ಅಂಥವರು ಇದ್ದಾರೆಯೇ?” ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ಹೇಳಿದರು:

ಒಂದು ಪಟ್ಟಣದಲ್ಲಿ ಒಬ್ಬ ಮುತ್ತಿನ ವ್ಯಾಪಾರಿಯಿದ್ದ. ಅವನ ಬಂಡವಾಳವೆಲ್ಲ ಕಣ್ಣಿನಲ್ಲೇ. ಹತ್ತು ಜನ ನೋಡಿ ಸರಿಯೆಂದ ಮುತ್ತಿನಲ್ಲಿ ಕೂದಲೆಳೆಯ ಬಿರುಕನ್ನು ಹೆಕ್ಕಿ ತೋರಿಸುತ್ತಿದ್ದ. ಆ ಕಣ್ಣಿಗೇ ಕಾಯಿಲೆ ಬಂತು. ರೆಪ್ಪೆಗಳ ಅಂಚು ಕೆಂಪಾಗಿ ಊದಿತು. ಕೂದಲಿನ ಬುಡದಲ್ಲಿ ಹೊಟ್ಟು ಕಟ್ಟಿತು. ಬೆಳಗ್ಗೆ ಏಳುವಾಗ ರೆಪ್ಪೆಗಳು ಅಂಟಿಕೊಂಡಿರುತ್ತಿದ್ದವು. ಹಗಲೆಲ್ಲ ಕಣ್ಣಿಗೆ ಮರಳು ಹೊಕ್ಕ ಹಾಗೆ.

ವೈದ್ಯರು ನೋಡಿದರು. “ರೆಪ್ಪೆಯಂಚಿನ ಜಿಡ್ಡು ಮೇಣದಂತೆ ಗಟ್ಟಿಯಾಗಿದೆ. ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಹಿತವಾಗಿ ಕಾವು ಕೊಡಿ. ಕರಗಿದ ಮೇಲೆ ಅಂಚನ್ನು ಮೆಲ್ಲಗೆ ಒರೆಸಿ. ದಿನಾ,” ಎಂದರು.

ಹಾಗೇ ಮಾಡಿದ. ಕೆಂಪು ಇಳಿಯಿತು. ವಾಸಿಯಾಯಿತೆಂದು ಬಿಟ್ಟ. ಕಾಯಿಲೆ ಮರಳಿ ಬಂತು. ಮತ್ತೆ ಮಾಡಿದ, ಮತ್ತೆ ಬಿಟ್ಟ, ಮತ್ತೆ ಬಂತು. ಸಿಟ್ಟಾಗಿ ವೈದ್ಯರ ಮನೆಗೆ ಹೋದ.

“ಗಿರಾಕಿ ತಪ್ಪಿಹೋಗದ ಹಾಗೆ ಸರಕು ಕೊಡುವ ಬುದ್ಧಿ ನನಗೂ ಗೊತ್ತು, ವೈದ್ಯರೇ. ಇದು ಮುಗಿಯುವುದು ಯಾವಾಗ?”

“ನಿಮ್ಮ ತಕ್ಕಡಿಯ ತಟ್ಟೆಯನ್ನು ಯಾವಾಗಿನಿಂದ ಒರೆಸುತ್ತಿದ್ದೀರಿ, ಸಾಹುಕಾರರೇ?”

“ಅಂಗಡಿ ಇಟ್ಟಂದಿನಿಂದ. ದೂಳು ಕೂತರೆ ತೂಕ ತಪ್ಪುತ್ತದೆ.”

“ಅದು ಮುಗಿಯುವುದು ಯಾವಾಗ?”

“ತಕ್ಕಡಿಯ ಮಾತು ಬೇರೆ,” ಎಂದು ವ್ಯಾಪಾರಿ ಎದ್ದುಬಂದ. ದಿನಾ ಚಿಲ್ಲರೆ ತೆರುವುದು ಅವನ ಜಾಯಮಾನವಲ್ಲ. ಏನಿದ್ದರೂ ಸಗಟಿನಲ್ಲಿ ಕೊಂಡು, ಲೆಕ್ಕ ಚುಕ್ತಾ ಮಾಡಿ ಏಳುವವನು.

ಆ ಊರ ಸಂತೆಗೆ ಮದ್ದು ಮಾರುವವನೊಬ್ಬ ಬಂದ. “ಮೂರೇ ದಿನ. ಮತ್ತೆ ಬಂದರೆ ನನ್ನ ಮೀಸೆ ಬೋಳಿಸಿ,” ಎಂದ. ವ್ಯಾಪಾರಿ ತನ್ನಲ್ಲಿದ್ದ ಒಳ್ಳೆಯ ಮುತ್ತಿನ ಸರವನ್ನೇ ಕೊಟ್ಟು ಅವನ ಲೇಪ ಕೊಂಡ. ಹಚ್ಚಿದರೆ ಉರಿಯಿತು. ಉರಿದರೇ ಮದ್ದು ನಾಟುವುದು ಎಂದು ಹಲ್ಲು ಕಚ್ಚಿ ತಡೆದುಕೊಂಡ. ರೆಪ್ಪೆಯ ಕೂದಲೆಲ್ಲ ಉದುರಿತು. ಗಾಯ ಮಾಯುತ್ತ ಅಂಚು ಒಳಕ್ಕೆ ಮಡಚಿಕೊಂಡಿತು. ಹೊಸದಾಗಿ ಹುಟ್ಟಿದ ಕೂದಲು ಕಣ್ಣನ್ನೇ ಗೀರಿತು. ನೋಟಕ್ಕೆ ಮಂಜು ಕವಿಯಿತು. ಅಷ್ಟರಲ್ಲಿ ಆ ಮೀಸೆ ಯಾವ ಊರು ಸೇರಿತ್ತೋ.

ಈಗ ಅವನು ಮುತ್ತನ್ನು ಹಲ್ಲಿಗೆ ತಿಕ್ಕಿ ಅಸಲಿಯೋ ನಕಲಿಯೋ ಹೇಳಬಲ್ಲ, ಅಷ್ಟೆ. ಬಿರುಕು ಕಾಣುವುದಿಲ್ಲ, ಬಣ್ಣ ತಿಳಿಯುವುದಿಲ್ಲ. ಒಡಕು ಮುತ್ತು ಇದ್ದವರೆಲ್ಲ ಅದನ್ನು ಮಾರಲು ಅವನ ಅಂಗಡಿಗೇ ಬರತೊಡಗಿದರು.

ಗೋಡೆ ಹಿಡಿದುಕೊಂಡು ಮತ್ತೆ ವೈದ್ಯರ ಮನೆಗೆ ಹೋದ.

“ಇನ್ನೇನು ಮಾಡಲಿ?”

“ಒಳಕ್ಕೆ ತಿರುಗಿದ ಕೂದಲನ್ನು ನಾನು ಕಿತ್ತುಕೊಡುತ್ತೇನೆ, ಅದೂ ಮತ್ತೆ ಬೆಳೆಯುತ್ತದೆ. ಬಿಸಿನೀರು, ಬಟ್ಟೆ ನಿಮ್ಮ ಪಾಲಿನದು.”

“ಹೋದ ನೋಟ ಬರುತ್ತದೆಯೇ?”

“ಇಲ್ಲ.”

“ಮತ್ತೆ ಯಾಕೆ?”

“ಇನ್ನೂ ಒಂದಿಷ್ಟು ಉಳಿದಿದೆಯಲ್ಲ, ಅದಕ್ಕೆ.”

ಗುರುಗಳು ಕತೆಯನ್ನು ಅಲ್ಲಿಗೇ ನಿಲ್ಲಿಸಿದರು. ಶಿಷ್ಯ, “ಅವನು ಆಮೇಲೆ ದಿನಾ ಒರೆಸಿದನೇ? ಒರೆಸಿ ಗಳಿಸಿದ್ದೇನು?” ಎಂದು ಕೇಳಿದ.

“ಒರೆಸಿದ. ನೀನು ಹೇಳಿದ ಬೆಲೆಯನ್ನೇ ಅವನೂ ಕೊಟ್ಟ, ಉಳಿದ ಆಯುಷ್ಯವನ್ನೆಲ್ಲ, ಆದರೆ ದಿನಕ್ಕೊಂದು ದಿನದಂತೆ ತೆತ್ತ, ಪ್ರತಿದಿನವೂ ಸಿಕ್ಕಿದ್ದು ಆ ದಿನದ ಮಟ್ಟಿಗೆ ಉಳಿದ ಮಬ್ಬುನೋಟ ಮಾತ್ರ.”