ಕೆಂಪು ಕಾರಿನ ಮೊದಲ ಸವಾರಿ

ಮೈಸೂರಿನ ಹಳೇ ಕಾರಿನ ವ್ಯಾಪಾರಿ ರುದ್ರಸ್ವಾಮಿಯದು ಒಂದೇ ಹಟ. "ಓಡಿಸಿ ನೋಡೋದೆಲ್ಲ ಇಲ್ಲಿಲ್ಲ. ನನ್ನ ಮಾತೇ ಗ್ಯಾರಂಟಿ. ಬೇಕಾದ್ರೆ ತಗೋ, ಇಲ್ಲಾ ಜಾಗ ಖಾಲಿ ಮಾಡು."

ಹೋಟೆಲಿನಲ್ಲಿ ದೋಸೆ ಹುಯ್ಯುವ ಚೆಲುವಯ್ಯ ಕೆಂಪು ಕಾರನ್ನು ಮೆಲ್ಲಗೆ ಸವರಿದ. ಮಂಡಿನೋವಿನ ಹೆಂಡತಿಗೆ ಬಸ್ಸು ಹತ್ತೋಕಾಗದು. ಅವಳಿಗೋಸ್ಕರ ಕಾರು ಬೇಕೇ ಬೇಕು.

ಅಂಗಡಿಯ ಮೂಲೆಯಲ್ಲಿ ರುದ್ರಸ್ವಾಮಿಯ ತಾಯಿ ಹೂ ಕಟ್ಟುತ್ತಾ ಕೂತಿದ್ದರು. ಚೆಲುವಯ್ಯ ಅವರಿಗೆ ಕೈಮುಗಿದ.

"ಆಯ್ತು ಸ್ವಾಮಿ, ತಗೋತೀನಿ. ಆದ್ರೆ ನಮ್ಮನೇಲಿ ಒಂದು ಪದ್ಧತಿ. ಗಾಡಿ ತಂದ್ರೆ ಮೊದಲು ಹಿರಿಯಮ್ಮನ್ನ ಕೂರಿಸ್ಕೊಂಡು ಚಾಮುಂಡಿ ಬೆಟ್ಟಕ್ಕೆ ಹೋಗ್ಬೇಕು. ನಮ್ಮವ್ವ ಈಗಿಲ್ಲ. ನಿಮ್ಮಮ್ಮನೇ ಕೂರ್ಲಿ, ನೀವೇ ಓಡ್ಸಿ."

ಮುದುಕಿ ಹೂ ಬಿಟ್ಟು, ಸೆರಗು ಸರಿಮಾಡಿಕೊಂಡು ಕಾರಿನಲ್ಲಿ ಕೂತೇಬಿಟ್ಟರು. "ನಿಂಬೆಹಣ್ಣು ತರ್ಸೋ ರುದ್ರ, ಚಕ್ರದಡಿ ಇಡೋಣ!"

ರುದ್ರಸ್ವಾಮಿ ಧಡಕ್ಕನೆ ಕಾರಿನ ಬಾಗಿಲು ತೆಗೆದ. "ಅಮ್ಮಾ, ಇಳಿ! ಇಳಿಜಾರಲ್ಲಿ ಇದರ ಬ್ರೇಕ್ ಹಿಡಿಯಲ್ಲ!"

ಅಂದಮೇಲೆ ನಾಲಿಗೆ ಕಚ್ಚಿಕೊಂಡ. ಚೆಲುವಯ್ಯ ನಗಲಿಲ್ಲ.

"ನನ್ನ ಹೆಂಡ್ತಿಗೂ ಬೆಟ್ಟ ನೋಡೋ ಆಸೆ ಸ್ವಾಮಿ" ಎಂದ, ಅಷ್ಟೇ.

ರುದ್ರಸ್ವಾಮಿ ತಲೆ ತಗ್ಗಿಸಿದ. ಹಿಂದಿನ ಸಾಲಿನಿಂದ ಒಂದು ಬಿಳಿ ಕಾರು ತಂದು ನಿಲ್ಲಿಸಿ, ಕೀಯನ್ನು ಚೆಲುವಯ್ಯನ ಕೈಗಿಟ್ಟ. "ಓಡಿಸಿ ನೋಡಿ ಅಣ್ಣ. ಇದು ಒಳ್ಳೇದು."

ಮುದುಕಿ ಮಾತ್ರ ಇಳಿಯಲೊಲ್ಲರು. "ಇಷ್ಟು ವರ್ಷ ಕಾರು ಮಾರ್ದೆ. ಒಂದಿನ ನನ್ನ ಕೂರಿಸಿದ್ಯೇನೋ? ಇವತ್ತು ಕೂತ್ರೆ ಇಳಿ ಅಂತೀಯ!"

ಚೆಲುವಯ್ಯ ಬಿಳಿ ಕಾರಿನ ಬಾಗಿಲು ತೆರೆದ. "ಇದಕ್ಕೆ ಬನ್ನಿ ಅವ್ವ. ದಾರೀಲಿ ನನ್ನವಳನ್ನೂ ಹತ್ತಿಸ್ಕೊಳ್ಳೋಣ."

ನಿಂಬೆಹಣ್ಣಿಗೆ ರುದ್ರಸ್ವಾಮಿ ತಾನೇ ಓಡಿದ.