ಒಂದು ಹೂಂಗೆ ಒಂದು ಬುಟ್ಟಿ

ಏಳು ಊರುಗಳ ಆಚೆ ಒಂದು ಊರು. ಊರಿಗೆ ಒಂದು ಕೆರೆ, ಕೆರೆಗೆ ಒಂದು ಏರಿ, ಏರಿಯ ನಡುವೆ ಒಂದು ಬಿರುಕು. ಬಿರುಕಿನ ಕೆಳಗೆ ನೆಟ್ಟಗೆ ಒಂದು ಮನೆ. ಆ ಮನೆಯಲ್ಲಿ ಹಾಲವ್ವ ಎಂಬ ಮುದುಕಿ ಇದ್ದಳಂತೆ. ಅವಳಿಗೆ ಇದ್ದದ್ದು ಒಂದು ಎಮ್ಮೆ, ಒಂದು ಕಥೆ. ಎಮ್ಮೆ ತಾನೇ ಸಾಕಿದ್ದು. ಕಥೆ ಅಜ್ಜಿಯಿಂದ ಬಂದದ್ದು. ಅಜ್ಜಿ ಹೇಳಿದ ಒಂದು ಮಾತನ್ನೂ ಹಾಲವ್ವ ಅತ್ತಿತ್ತ ಸರಿಸಿದವಳಲ್ಲವಂತೆ.

ಮಳೆಗೆ ಏಳು ದಿನ ಉಳಿದಿತ್ತು. ಬಿರುಕಿನೊಳಗೆ ಹಾಲವ್ವನ ಕೈ ಮೊಣಕೈವರೆಗೆ ಹೋಗುತ್ತಿತ್ತು. ಕೆರೆ ತುಂಬಿದರೆ ಮೊದಲು ಕೊಚ್ಚಿಹೋಗುವುದು ತನ್ನ ಮನೆಯೆಂದು ಅವಳಿಗೆ ತಿಳಿದಿತ್ತು. ಕುಂಬಾರ ತಿಪ್ಪಣ್ಣನ ಮನೆಗೆ ಹೋದಳು. ‘ಗೌಡ್ರು ಬರ್ಲಿ ಅಜ್ಜಿ, ಅವರ ಹಿಂದೇನೇ ನಾನು’ ಎಂದ. ಗೌಡರ ಮನೆಗೆ ಹೋದಳು. ‘ತಿಪ್ಪಣ್ಣ ಬುಟ್ಟಿ ಎತ್ತಲಿ, ಆಮೇಲೆ ನೋಡೋಣ’ ಎಂದರು. ಗಾಣದ ಮಲ್ಲವ್ವನ ಮನೆಗೆ ಹೋದಳು. ‘ಅವರಿಬ್ರೂ ಬಂದ್ರೆ ನಾನ್ಯಾಕೆ? ಅವರಿಬ್ರೂ ಬರದಿದ್ರೆ ನಾನೊಬ್ಳೇ ಯಾಕೆ?’ ಎಂದಳು. ಆ ಊರಿನವರು ಒಂದೆಡೆ ಕೂಡಿ ಕುಳಿತು ಎಷ್ಟು ವರ್ಷವಾಗಿತ್ತೋ, ನೆನಪಿದ್ದವರಿಲ್ಲ.

ಹಾಲವ್ವ ಒಬ್ಬಳೇ ಬುಟ್ಟಿ ಹೊತ್ತಳು. ಬೇಸರ ಕಳೆಯಲು ಕಥೆ ತೆಗೆದಳು. ಆ ಊರಿನ ಕಟ್ಟಳೆ ಇಷ್ಟು: ಕೇಳುವವರು ಹೂಂಗುಟ್ಟದೆ ಹೇಳುವವರು ಮುಂದಿನ ಮಾತಿಗೆ ಹೋಗಕೂಡದು. ತನ್ನ ಕಥೆಗೆ ತಾನೇ ಹೂಂಗುಟ್ಟುವುದು ನಾಚಿಕೆಗೇಡು. ‘ಒಬ್ಬ ರಾಜನಿದ್ದ’ ಎಂದು ಹೇಳಿ ನಿಂತಳು. ಕೆರೆಯಂಗಳದಲ್ಲಿ ಮೇಯುತ್ತಿದ್ದ ಎಮ್ಮೆ ‘ಹೂಂ’ ಎಂದಿತಂತೆ. ಸರಿ. ‘ರಾಜ ಬಿಳಿ ಕುದುರೆ ಹತ್ತಿದ’ ಎಂದಳು. ಎಮ್ಮೆಯ ಬಾಯಿತುಂಬ ಹುಲ್ಲು. ಹೂಂ ಬರಲಿಲ್ಲ. ಹಾಲವ್ವ ತಲೆಯ ಮೇಲೆ ಬುಟ್ಟಿ ಹೊತ್ತು, ಒಂದು ಕಾಲು ಮುಂದಿಟ್ಟು, ಹಾಗೆಯೇ ನಿಂತಳಂತೆ.

ಜೇಡಿಮಣ್ಣಿಗೆ ಬಂದಿದ್ದ ತಿಪ್ಪಣ್ಣ ನೋಡಿದ. ತಾಳಿದ. ಇನ್ನು ತಾಳಲಾಗಲಿಲ್ಲ.

‘ಹತ್ತಿದ. ಆಮೇಲೆ?’

‘ಮೊದ್ಲು ಹೂಂ ಅನ್ನು.’

‘ಹೂಂ.’

‘ಬರಿಗೈಲಿ ಅಂದ ಹೂಂ ನನಗೆ ಕೇಳ್ಸೋದಿಲ್ಲ. ಒಂದು ಬುಟ್ಟಿ ಮಣ್ಣು ಹಾಕಿ ಅನ್ನು.’

ತಿಪ್ಪಣ್ಣ ಒಂದು ಬುಟ್ಟಿ ಹಾಕಿದ. ಹಾಕಿ ಯೋಚಿಸಿದ. ‘ಅಜ್ಜಿ, ಕುದುರೆ ಯಾಕೆ? ಕತ್ತೆ ಅನ್ನು. ಕತ್ತೆ ಕಷ್ಟಸುಖ ನನಗೆ ಗೊತ್ತು.’

‘ನಮ್ಮಜ್ಜಿ ಕುದುರೆ ಅಂದಿದ್ಲು. ಕುದುರೆ!’

‘ಹಂಗಾದ್ರೆ ನಾ ಹೊಂಟೆ.’

ಹಾಲವ್ವ ಬಿರುಕನ್ನು ನೋಡಿದಳು. ಸತ್ತ ಅಜ್ಜಿಗೆ ಮನಸ್ಸಿನಲ್ಲೇ ಕೈಮುಗಿದು ತಪ್ಪಾಯಿತೆಂದಳು. ‘ಹೋಗ್ಲಿ, ಕತ್ತೆ. ಆದ್ರೆ ಕಥೆ ತಿದ್ದಿದವರು ಎರಡು ಬುಟ್ಟಿ ಹಾಕ್ಬೇಕು.’

ಮಾತು ಊರಿಗೆ ಮುಟ್ಟಿತು. ಗಾಣ ಬಿಟ್ಟು ಮಲ್ಲವ್ವ ಬಂದಳು. ಎರಡು ಬುಟ್ಟಿ ಹಾಕಿ ಕಥೆಯ ರಾಜನ ಮೀಸೆಯನ್ನು ಗಾಣಕ್ಕೆ ಸಿಕ್ಕಿಸಿದಳು. ಕತ್ತೆ ಸುತ್ತಿತು, ಗಾಣ ತಿರುಗಿತು, ಮೀಸೆಯಿಂದ ಒಂದು ಪಾವು ಎಣ್ಣೆ ಇಳಿಯಿತು. ಊರು ಬಿದ್ದು ಬಿದ್ದು ನಕ್ಕಿತು. ಗೌಡರು ಮಾತ್ರ ಕೆಂಡವಾದರು.

‘ರಾಜ ಅಂದ್ರೆ ನಮ್ಮಂಥ ದೊಡ್ಡೋರು. ಕತ್ತೆ ಮೇಲೆ ಕೂರ್ತಾರೇನ್ರೋ? ಇಳಿಸ್ರೋ ಕೆಳಗೆ!’

‘ಎರಡು ಬುಟ್ಟಿ, ಗೌಡ್ರೇ’ ಎಂದಳು ಹಾಲವ್ವ.

ಗೌಡರು ಪಂಚೆ ಎತ್ತಿ ಕಟ್ಟಿ, ಎರಡು ಬುಟ್ಟಿ ಹೊತ್ತು, ರಾಜನನ್ನು ಇಳಿಸಿದರು. ತಿಪ್ಪಣ್ಣ ಎರಡು ಹೊತ್ತು ಮತ್ತೆ ಹತ್ತಿಸಿದ. ಗೌಡರು ಇಳಿಸಿದರು. ತಿಪ್ಪಣ್ಣ ಹತ್ತಿಸಿದ. ಐದು ದಿನ ರಾಜ ಹತ್ತಿದ, ಅದೇ ಐದು ದಿನ ರಾಜ ಇಳಿದ. ಅರ್ಧ ಊರು ಗೌಡರ ಕಡೆ. ಅವರು ಮಣ್ಣನ್ನು ಏರಿಯ ಬಡಗಣ ತುದಿಗೆ ಸುರಿದರು. ಅರ್ಧ ಊರು ತಿಪ್ಪಣ್ಣನ ಕಡೆ. ಅವರು ತೆಂಕಣ ತುದಿಗೆ ಸುರಿದರು. ಎಮ್ಮೆ ಎರಡೂ ಕಡೆಗೆ ಹೂಂಗುಟ್ಟಿ, ಎರಡೂ ಕಡೆಯ ಮಣ್ಣು ತುಳಿಯಿತಂತೆ. ಎರಡು ತುದಿಗಳೂ ಗುಡ್ಡವಾಗಿ ಮೂರು ಊರಿಗೆ ಕಂಡವು. ನಡುವಿನ ಬಿರುಕು ಮಾತ್ರ ಯಾರ ಪಾಲಿಗೂ ಬಂದಿರಲಿಲ್ಲ.

ಏಳನೆಯ ದಿನ ಮೋಡ ಕವಿಯಿತು. ಹಾಲವ್ವ ಬಿರುಕಿನೊಳಗೆ ಕೈ ಹಾಕಿದಳು. ಭುಜದವರೆಗೆ ಹೋಯಿತು.

ಅಷ್ಟರಲ್ಲಿ ಆ ನಾಡಿನ ನಿಜವಾದ ರಾಜ ನೂರು ಭಟರೊಂದಿಗೆ ಬಂದನಂತೆ. ‘ನನ್ನನ್ನು ಕೇಳದೆ ಎರಡೆರಡು ಕೋಟೆ ಕಟ್ಟುತ್ತಿರುವವರು ಯಾರು?’

ಬುಟ್ಟಿಗಳು ಕೆಳಗಿಳಿದವು. ಮೊದಲ ಹನಿ ಹಾಲವ್ವನ ಮೂಗಿನ ಮೇಲೆ ಬಿತ್ತು.

‘ಕೋಟೆ ಅಲ್ಲ ದೊರೆ, ಕಥೆ’ ಎಂದಳು. ‘ಒಬ್ಬ ರಾಜನಿದ್ದ. ಕತ್ತೆ ಹತ್ತಿದ. ಮೀಸೆ ಗಾಣಕ್ಕೆ ಸಿಕ್ತು.’

ಗೌಡರು ಕಣ್ಣು ಮುಚ್ಚಿಕೊಂಡರು. ರಾಜ ತನ್ನ ಮೀಸೆಯನ್ನು ಮುಟ್ಟಿ ನೋಡಿಕೊಂಡ. ‘ಹೂಂ?’ ಎಂದನಂತೆ.

‘ಹೂಂ ಅಂದವರು ಬುಟ್ಟಿ ಹೊರಬೇಕು.’

‘ನಾನು ರಾಜ!’

‘ನನ್ನ ಎಮ್ಮೆ ಆರು ದಿನ ಮಣ್ಣು ತುಳಿದೈತಿ. ತಾವು ಅದಕ್ಕಿಂತ ಕಡಿಮೆಯೇ, ದೊರೆ?’

ರಾಜ ಎಮ್ಮೆಯನ್ನು ಒಮ್ಮೆ ನೋಡಿದ. ಬುಟ್ಟಿ ಎತ್ತಿದ. ‘ಎಲ್ಲಿ ಹಾಕಲಿ?’

‘ಅತ್ತ ಗೌಡರ ಕಡೆ, ಇತ್ತ ತಿಪ್ಪಣ್ಣನ ಕಡೆ. ತಾವು ಯಾರ ಕಡೆಯೂ ಅಲ್ಲ. ನಡುವೆ ಹಾಕಿ.’

ರಾಜ ನಡುವೆ ಹಾಕಿದ. ತಿದ್ದಲು ಎರಡು ಬುಟ್ಟಿಯೆಂದು ಊರವರಿಂದ ತಿಳಿದು, ಇನ್ನೆರಡು ತಾನಾಗಿ ಹಾಕಿ, ‘ಇದೋ ತಿದ್ದಿದೆ: ಆ ರಾಜ ಕತ್ತೆಯಿಂದ ಬೀಳಲಿಲ್ಲ!’ ಎಂದ.

‘ಬಿದ್ದ!’ ಎಂದು ಊರೆಲ್ಲ ಕೂಗಿತು. ಎಲ್ಲರಿಗಿಂತ ಜೋರಾಗಿ ಕೂಗಿದವರು ಗೌಡರಂತೆ. ಬೀಳಲಿಲ್ಲವೆಂದು ಭಟರು ಇನ್ನೂರು ಬುಟ್ಟಿ ತಂದರು. ಬಿದ್ದನೆಂದು ಊರವರು ನಾನೂರು ತಂದರು. ಹಾಲವ್ವ ಬಿರುಕಿನಲ್ಲಿ ಕೋಲು ನೆಟ್ಟು, ‘ಇಲ್ಲಿ ಬಿದ್ದ ಮಣ್ಣಷ್ಟೇ ಕಥೆಗೆ ಸೇರ್ತದೆ’ ಎಂದಳು. ಮಳೆ ಧೋ ಎಂದು ಸುರಿಯುವ ಹೊತ್ತಿಗೆ ಕೋಲು ಎಲ್ಲಿತ್ತೆಂದು ಯಾರಿಗೂ ತಿಳಿಯಲಿಲ್ಲವಂತೆ.

ಕೆರೆ ತುಂಬಿತು. ಏರಿ ನಿಂತಿತು. ಹಾಲವ್ವನ ಮನೆಯಲ್ಲಿ ಒಲೆ ಉರಿಯಿತು. ಹಿಡಿಸಿದಷ್ಟು ಊರು ಒಳಗೆ ಒತ್ತೊತ್ತಾಗಿ ಕುಳಿತಿತು, ಉಳಿದದ್ದು ಜಗುಲಿಯಲ್ಲಿ. ನಡುವೆ ಮೀಸೆಯಿಂದ ನೀರಿಳಿಸುತ್ತ ರಾಜ.

‘ಈಗ ಹೇಳಮ್ಮಾ. ಬಿದ್ದನೋ, ಬೀಳಲಿಲ್ಲವೋ?’

ಹಾಲವ್ವ ಬಾಯಿ ತೆರೆದಳು. ಕುಳಿತವರನ್ನು ಒಂದು ಸುತ್ತು ನೋಡಿದಳು. ಬಾಯಿ ಮುಚ್ಚಿದಳು.

‘ಏರಿಗೆ ವರ್ಷಾ ವರ್ಷಾ ಮಣ್ಣು ಬೇಕು ದೊರೆ. ಬರೋ ವರ್ಷ ಬುಟ್ಟಿ ತಗೊಂಡು ಬನ್ನಿ, ಹೇಳ್ತೀನಿ.’

ರಾಜ ಅರಮನೆಯಿಂದ ಮೂರು ಸಲ ಓಲೆ ಕಳುಹಿಸಿದ. ಮೂರು ಸಲವೂ ಓಲೆಕಾರ ಏರಿಗೆ ಒಂದು ಬುಟ್ಟಿ ಮಣ್ಣು ಹಾಕಿ, ಉತ್ತರವಿಲ್ಲದೆ ಹಿಂದಿರುಗಿದನಂತೆ. ಮರುವರ್ಷ, ಮಳೆಗೆ ಇನ್ನೂ ಒಂದು ತಿಂಗಳಿರುವಾಗ, ಊರವರು ಏರಿಗೆ ಬಂದು ನೋಡಿದರೆ ಒಬ್ಬ ಅವರಿಗಿಂತ ಮೊದಲೇ ಬಂದು ಕುಳಿತಿದ್ದ. ತಲೆಯ ಮೇಲೆ ಕಿರೀಟವಿರಲಿಲ್ಲ, ಬುಟ್ಟಿ ಇತ್ತಂತೆ.

ಅವರ ಕೆರೆಯಲ್ಲಿ ನೀರಿದೆ, ನನ್ನ ಬಾಯಲ್ಲಿ ಇನ್ನು ಮಾತಿಲ್ಲ. ಏಳಿ, ಕುಳಿತ ಚಾಪೆಯನ್ನು ಅವರವರೇ ಸುತ್ತಿಡಿ.